ಒಂದೇ ಅಚ್ಚಿನ ಹಗುರ ಗಾಡಿ

ಕಳೆದ ಬೇಸಿಗೆಯಿಂದ ನನಗೊಂದು ಕೆಟ್ಟ ಅಭ್ಯಾಸ ಅಂಟಿಕೊಂಡಿದೆ. ರಸ್ತೆಯಲ್ಲಿ ಯಾವ ಗಾಡಿ ಎದುರಾದರೂ ಅದರಲ್ಲಿ ಕುಳಿತವರ ಮುಖ ನನಗೆ ಕಾಣುವುದಿಲ್ಲ. ಕಣ್ಣು ನೇರವಾಗಿ ಅದರ ಮೂಕಿಗೆ, ಅಂದರೆ ಗಾಡಿಯಿಂದ ಮುಂದಕ್ಕೆ ಚಾಚಿ ನೊಗವನ್ನು ಸೇರುವ ಮರಕ್ಕೆ ಹೋಗುತ್ತದೆ. ಭಾರ ಮುಂದಿದೆಯೋ ಹಿಂದಿದೆಯೋ ಎಂದು ಲೆಕ್ಕ ಹಾಕುತ್ತದೆ. ಮೊನ್ನೆ ಅರಸೀಕೆರೆಯ ಪೇಟೆಬೀದಿಯಲ್ಲಿ ನಮ್ಮ ಹೆಡ್‌ಮಾಸ್ತರು ಗಾಡಿಯಲ್ಲಿ ಕುಳಿತು ಹೋಗುತ್ತ ನನಗೆ ನಮಸ್ಕಾರ ಹೇಳಿದರಂತೆ. ನಾನು ತಿರುಗಿ ನಮಸ್ಕರಿಸುವುದನ್ನು ಬಿಟ್ಟು ಗಾಡಿಯನ್ನು ದಿಟ್ಟಿಸಿ ನೋಡಿ, "ಹಿಂಭಾರ ಜಾಸ್ತಿಯಾಯಿತು" ಎಂದೆನಂತೆ. ಅವರು ಸ್ವಲ್ಪ ದಪ್ಪಗಿದ್ದಾರೆ. ಗಾಡಿಯ ಹಿಂಬದಿಯಲ್ಲೇ ಕುಳಿತಿದ್ದರು. ಮಾರನೆಯ ದಿನದಿಂದ ಅವರು ನನ್ನೊಡನೆ ಶಾಲೆಯ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದಾರೆ.

ಅವರಿಗೆ ಕಾರಣ ವಿವರಿಸಬೇಕೆಂದರೆ ಇಡೀ ಕತೆಯನ್ನೇ ಹೇಳಬೇಕು. ಹೇಳಲು ಹೊರಟರೆ ಹಗರೆ ಎಂಬ ಊರು ದಾಟಿದ ಮೇಲಿನ ಆ ಇಳಿಜಾರಿನ ಹತ್ತಿರ ಬಂದಾಗ ನಾನು ಬೇರೆ ಮಾತು ತೆಗೆಯುತ್ತೇನೆ. ಬರೆಯುವುದು ಸುಲಭ, ಅಲ್ಲಿಗೆ ಬಂದಾಗ ಎದ್ದು ಹೋಗಿ ನೀರು ಕುಡಿದು ಬರಬಹುದು.

ಆಸೆ ಹುಟ್ಟಿದ್ದು ನನ್ನಲ್ಲೇ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟರು. ಬೇಸಿಗೆ ರಜ ಬಂದರೆ ನೆಂಟರ ಮನೆಗಳಿಗೆ ಹೋಗಿ ಚಾಪೆಗೆ ಚಾಪೆ ತಾಗಿಸಿ ಮಲಗಿ ಬರುವುದು ನಮ್ಮ ಪದ್ಧತಿ. ಈ ಸಲ ಯಾರ ಮನೆಯೂ ಬೇಡ, ಹಳೇಬೀಡಿನ ಕೆರೆಯ ಬಳಿ ಡೇರೆ ಹಾಕಿ ನಾಲ್ಕು ದಿನ ನಮ್ಮಷ್ಟಕ್ಕೆ ನಾವು ಇದ್ದು, ಬೇಲೂರನ್ನೂ ನೋಡಿ ಬರೋಣ ಎಂದೆ. ಹೆಂಡತಿ ಗಿರಿಜ ಒಪ್ಪಿದಳು. ಹೆಣ್ಣುಮಕ್ಕಳಿಬ್ಬರು ಕುಣಿದರು. ನನ್ನ ಅವ್ವ, "ಮನೆ ಇದ್ದೂ ಬಯಲಲ್ಲಿ ಮಲಗೋಕೆ ನಾವೇನು ದೊಂಬರಾಟದವರಾ?" ಎಂದು ಕೇಳಿ, ಆಮೇಲೆ ತಾನೇ ಮೊದಲು ಚಟ್ನಿಪುಡಿ ಕುಟ್ಟಲು ಕುಳಿತಳು. ಗಿರಿಜಳ ಅಣ್ಣ ಶಿವಣ್ಣ, ನನ್ನ ಭಾವ, ಕೊಬ್ಬರಿ ವ್ಯಾಪಾರಿ. ಅವರ ಬಳಿ ಒಂದು ಹಳೆಯ ಜೀಪಿತ್ತು. ಜೀಪು ನಾವೆಲ್ಲ ಹಿಡಿಸುವಷ್ಟು ದೊಡ್ಡದಲ್ಲ. ಹಿಂದೆ ಒಂದು ಗಾಡಿ ಕಟ್ಟಿಕೊಳ್ಳಬೇಕು. ಎಂಥ ಗಾಡಿ ಎನ್ನುವಲ್ಲಿಂದ ನಮ್ಮ ಮನೆಯ ಮಹಾಯುದ್ಧ ಶುರುವಾಯಿತು.

ಮಿಲಿಟರಿಯವರು ಹರಾಜು ಹಾಕಿದ್ದ ಒಂದು ಕಬ್ಬಿಣದ ಟ್ರೈಲರನ್ನು ಮೊದಲು ನೋಡಿದೆವು. ಅದನ್ನು ಬರಿದಾಗಿ ಎಳೆಯುವುದಕ್ಕೇ ಜೀಪು ಏದುಸಿರು ಬಿಟ್ಟಿತು. ಭಾವನಿಗೆ ನಾಲ್ಕು ಗಾಲಿಯದೇ ಬೇಕು. "ನಾಕು ಗಾಲಿ ಇದ್ರೆ ಅದರ ಪಾಡಿಗೆ ಅದು ನಿಲ್ತದೆ, ಯಾರ ಹಂಗೂ ಇಲ್ಲ" ಎಂಬುದು ಅವರ ವಾದ. ಕೊನೆಗೆ ಗಂಡಸಿಯಲ್ಲಿ ಗಾಡಿ ಮಾಡುವ ಆಚಾರ್ರ ಬಳಿ ಪಂಚಾಯಿತಿ ಹೋಯಿತು. ಅವರು ಉಳಿಯನ್ನು ಕೆಳಗಿಡದೆಯೇ ಕೇಳಿದರು: "ನಾಕು ಗಾಲಿದು ಹಿಂದಕ್ಕೆ ತಳ್ಳೋರು ಯಾರು ಸ್ವಾಮಿ? ಸಣ್ಣ ದಾರೀಲಿ ಸಿಕ್ಕಾಕ್ಕೊಂಡ್ರೆ ನೀವು ಅಲ್ಲೇ ಒಂದು ಮನೆ ಕಟ್ಕೊಂಡು ಇರ್ಬೇಕಾಯ್ತದೆ."

ಹಳೆಯ ಮೋಟಾರಿನ ಅಚ್ಚು ಒಂದು, ಅದಕ್ಕೆ ರಬ್ಬರು ಗಾಲಿ ಎರಡು, ಮೇಲೆ ಹಗುರ ಮರದ ಚೌಕಟ್ಟು, ಬಿದಿರು ಚಾಪೆಯ ಕಮಾನು. ಅದು ಅವರ ಅಂಗಳದಲ್ಲಿ ಅರ್ಧ ಮುಗಿದು ನಿಂತಿತ್ತು. ಅವ್ವ ಅಚ್ಚನ್ನು ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿದಳು. ನಾನು ಉದ್ದಗಲ ಅಳೆದು ಕಾಗದದಲ್ಲಿ ಬರೆದುಕೊಂಡೆ. ಆ ಕಾಗದದಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ. ಗಿರಿಜ ಸುಮ್ಮನೆ ಹೋಗಿ ಮೂಕಿಗೆ ಕೈಹಾಕಿ ಎತ್ತಿ, ಇಡೀ ಗಾಡಿಯನ್ನು ಅರ್ಧಸುತ್ತು ತಿರುಗಿಸಿ ಇಟ್ಟು, "ಇದು ಸಾಕು. ಗಂಡಸರ ಮಾತು ಮುಗಿಯೋದ್ರೊಳಗೆ ನಾನೊಬ್ಳೇ ಎಳ್ಕೊಂಡು ಹೋಗಬಹುದು" ಎಂದಳು. ಆಯ್ಕೆ ಮುಗಿಯಿತು.

ಒಂದೇ ಅಚ್ಚಿನ ಗಾಡಿಯ ಸ್ವಭಾವವೇ ಬೇರೆ. ಅದು ತನ್ನಷ್ಟಕ್ಕೆ ತಾನು ನಿಲ್ಲಲಾರದು. ಒಂದೋ ಮೂಗು ನೆಲಕ್ಕೂರುತ್ತದೆ, ಇಲ್ಲವೇ ಬಾಲ. ನೆಟ್ಟಗಿರಬೇಕಾದರೆ ಯಾರದಾದರೂ ಹೆಗಲು ಬೇಕು. ಸನ್ನೆಗೋಲಿನ ಪಾಠ ಮಾಡುವಾಗ ನಾನು ಕಪ್ಪುಹಲಗೆಯ ಮೇಲೆ ಇಂಥದ್ದೇ ಗಾಡಿ ಬರೆದು, ಅಚ್ಚು ನಡುವಿನ ಬಿಂದು, ಹಿಂದೆ ಭಾರ ಹಾಕಿದರೆ ಮುಂದಿನದು ಮೇಲೇಳುತ್ತದೆ ಎಂದು ವರ್ಷಕ್ಕೊಮ್ಮೆ ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ನಾನು ಬರೆದುಕೊಂಡಿರಲಿಲ್ಲ ಎಂದು ಕಾಣುತ್ತದೆ.

ಹೊರಟ ದಿನ ಭಾವ ಜೀಪು ನಡೆಸುತ್ತಿದ್ದರು. ನಾನು ಪಕ್ಕದಲ್ಲಿ ಹಿಂದಕ್ಕೆ ತಿರುಗಿ ಕುಳಿತಿದ್ದೆ. ಜೀಪಿನ ಹಿಂಬದಿಯಲ್ಲಿ ಡೇರೆ, ಗಳ, ಹಂಡೆ. ಕಮಾನಿನ ಕೆಳಗೆ ಕೂರುವುದು ಹೆಂಗಸರು ಮಕ್ಕಳು ಎಂಬ ವಿಚಾರದಲ್ಲಿ ಅವ್ವನಿಗೆ ಸಂಶಯವೇ ಇರಲಿಲ್ಲ. ಅಲ್ಲಿ ಮುಂದಿನ ಹಲಗೆಗೆ ಒರಗಿಸಿ ಗಿರಿಜ ಅಕ್ಕಿಮೂಟೆ ಮತ್ತು ರಾಗಿಹಿಟ್ಟಿನ ಚೀಲ ಇಟ್ಟಿದ್ದಳು. ಹಾಸನ ದಾಟಿ, ಹಗರೆಯಲ್ಲಿ ಕಾಫಿ ಕುಡಿದು, ಹಳೇಬೀಡಿನ ಕಡೆ ತಿರುಗುವವರೆಗೆ ಆ ಗಾಡಿ ಎಷ್ಟು ಸಾಧುವಾಗಿ ಬಂತೆಂದರೆ, ಭಾವ ಹಿಂದೆ ಗಾಡಿಯಿದೆ ಎನ್ನುವುದನ್ನೇ ಮರೆತು ಹಾಡಿಕೊಳ್ಳುತ್ತಿದ್ದರು.

ಆಗ ಇಳಿಜಾರು ಬಂತು.

ನನ್ನ ಅವ್ವ ಕಣಕಟ್ಟೆಯವಳು. ಎತ್ತಿನ ಗಾಡಿಯಲ್ಲೇ ಬೆಳೆದವಳು. ಗಾಡಿ ಇಳಿಜಾರಿಗೆ ಬಂದಾಗ ಭಾರವೆಲ್ಲ ಎತ್ತಿನ ಕುತ್ತಿಗೆಯ ಮೇಲೆ ಬೀಳುತ್ತದೆ. ಆಗ ಕುಳಿತವರು ಹಿಂದಕ್ಕೆ ಸರಿಯಬೇಕು. ಏರಿನಲ್ಲಿ ಇಳಿದು ನಡೆಯಬೇಕು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಊಟಕ್ಕೆ ಮೊದಲು ಕೈ ತೊಳೆದಂತೆ ಮಾಡುತ್ತಾರೆ. ಮೂಕಪ್ರಾಣಿಯ ಮೇಲಿನ ಕರುಣೆ ಅದು. ಅವ್ವ ದೊಡ್ಡ ದನಿಯಲ್ಲಿ ಕೂಗಿದಳು: "ಇಳಿಜಾರು ಬಂತು ಕಣ್ರವ್ವ! ಎಲ್ಲಾ ಹಿಂದಕ್ಕೆ ಸರ್ಕೊಳ್ಳಿ. ಆ ಮೂಟೇನೂ ಹಿಂದಕ್ಕೆ ತಳ್ಳಿ. ಕುತ್ತಿಗೆ ಮೇಲೆ ಭಾರ ಬೀಳ್ತೈತೆ!"

ಮಕ್ಕಳು ಸರಿದರು. ಅವ್ವ ಸರಿದಳು. ಗಿರಿಜ ಮೂಟೆ, ಚೀಲ ಎರಡನ್ನೂ ತಳ್ಳಿ ತಾನೂ ಸರಿದಳು. ನಾನು, ಬಿ.ಎಸ್ಸಿ., ಎಲ್ಲವನ್ನೂ ನೋಡುತ್ತ ಭಾವನಿಗೆ ಹೇಳಿದೆ: "ನೋಡಿ ಭಾವ, ನಮ್ಮವ್ವ ನಿಮ್ಮ ಜೀಪಿನ ಕುತ್ತಿಗೆ ಕಾಪಾಡ್ತಿದ್ದಾರೆ." ಇಬ್ಬರೂ ನಕ್ಕೆವು. ಆ ನಗೆ ನನ್ನ ಕಿವಿಯಲ್ಲಿ ಇನ್ನೂ ಇದೆ.

ಮೊದಲು ಮೂಕಿ ಜೀಪಿನ ಹಿಂದಿನ ಕೊಂಡಿಯಲ್ಲಿ ಕಟಕಟ ಎಂದಿತು. ಆಮೇಲೆ ಗಾಡಿ ಮೆಲ್ಲಗೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಮತ್ತೆ ಎಡಕ್ಕೆ, ಇನ್ನೂ ದೂರ. ಕಮಾನಿನೊಳಗೆ ನಾಲ್ಕು ಮುಖಗಳು ಒಟ್ಟಿಗೆ ಒಂದು ಕಡೆಗೆ ವಾಲಿ, ಒಟ್ಟಿಗೆ ಇನ್ನೊಂದು ಕಡೆಗೆ ವಾಲಿದವು. ರಸ್ತೆಯ ಎಡಕ್ಕೆ ಕಲ್ಲಿನ ಹಳ್ಳ. ಬಲಗಡೆಯಿಂದ ಎಳನೀರು ಹೇರಿದ ಒಂದು ಎತ್ತಿನ ಗಾಡಿ ಏರಿ ಬರುತ್ತಿತ್ತು. ನನ್ನ ಚಿಕ್ಕ ಮಗಳು ಬಾಯಿ ತೆರೆದಿದ್ದಳು, ಸದ್ದು ಬರುತ್ತಿರಲಿಲ್ಲ. ಅಥವಾ ನನಗೆ ಕೇಳುತ್ತಿರಲಿಲ್ಲ. ನಾನು "ಬ್ರೇಕ್ ಹಾಕಿ! ಬ್ರೇಕ್ ಹಾಕಿ!" ಎಂದು ಕಿರುಚಿದೆ.

ಇಲ್ಲಿ ನಾನು ಭಾವನಿಗೆ ಕೈಮುಗಿಯಬೇಕು. ನನ್ನ ಮಾತನ್ನು ಕೇಳದಿರುವುದು ನನ್ನ ಮದುವೆಯಾದಂದಿನಿಂದ ಅವರು ಬಿಡದೆ ಪಾಲಿಸಿಕೊಂಡು ಬಂದ ನೇಮ. ಅಂದೂ ಅವರು ನೇಮ ತಪ್ಪಲಿಲ್ಲ. ಬ್ರೇಕು ತುಳಿದಿದ್ದರೆ ಹಿಂದಿನ ಗಾಡಿ ಅಡ್ಡಡ್ಡ ತಿರುಗಿ ಹಳ್ಳಕ್ಕೆ ಉರುಳುತ್ತಿತ್ತು ಎಂದು ಆಮೇಲೆ ಅರಸೀಕೆರೆಯ ಲಾರಿ ಡ್ರೈವರುಗಳು ಒಬ್ಬರಾದ ಮೇಲೊಬ್ಬರು ಹೇಳಿದರು. ಭಾವ ಸ್ಟಿಯರಿಂಗ್ ಚಕ್ರವನ್ನು ಗಟ್ಟಿಯಾಗಿ ನೇರ ಹಿಡಿದು, ಎಕ್ಸಿಲರೇಟರಿನಿಂದ ಕಾಲು ತೆಗೆದು, ಜೀಪನ್ನು ಸುಮ್ಮನೆ ಹರಿಯಲು ಬಿಟ್ಟರು.

ಆದರೆ ಉಳಿಸಿದ್ದು ಗಿರಿಜ. ಅವಳು ಒಂದು ಕೈಯಲ್ಲಿ ಇಬ್ಬರು ಮಕ್ಕಳ ಲಂಗಗಳನ್ನೂ ಸೇರಿಸಿ ಹಿಡಿದು, ಇನ್ನೊಂದರಲ್ಲಿ ಅತ್ತೆಯ ರಟ್ಟೆ ಹಿಡಿದು, "ಮುಂದಕ್ಕೆ ಬನ್ನಿ ಅತ್ತೆ, ಮುಂದಕ್ಕೆ!" ಎಂದು ಎಲ್ಲರನ್ನೂ ಎಳೆದುಕೊಂಡು ಮುಂದಿನ ಹಲಗೆಯ ಮೇಲೆ ಬೋರಲು ಬಿದ್ದಳು. ಮಕ್ಕಳು ಕೆಳಗೆ, ಅವಳು ಮೇಲೆ, ಪಕ್ಕದಲ್ಲಿ ಅವ್ವ. ಕಟಕಟ ನಿಂತಿತು. ಗಾಡಿ ಇನ್ನೊಮ್ಮೆ ಎಡಕ್ಕೆ, ಇನ್ನೊಮ್ಮೆ ಬಲಕ್ಕೆ ಹೋಗಿ, ಆಟ ಸಾಕಾದಂತೆ ಜೀಪಿನ ಹಿಂದೆ ನೆಟ್ಟಗಾಯಿತು. ತಗ್ಗಿನಲ್ಲಿ ಎಲ್ಲವೂ ನಿಂತಿತು.

ಎದುರು ಬಂದಿದ್ದ ಗಾಡಿಯವನು ತನ್ನ ಎತ್ತುಗಳನ್ನು ಬೇಲಿಯೊಳಕ್ಕೆ ನುಗ್ಗಿಸಿ ನಿಂತಿದ್ದ. ಇಳಿದು ಬಂದು ನಮ್ಮ ಕೊಂಡಿಯನ್ನು ನೋಡಿದ. ಮೂಕಿಯನ್ನು ಅದಕ್ಕೆ ಸೇರಿಸಿದ್ದ ಕೀಲು ಅರ್ಧಕ್ಕಿಂತ ಮೇಲೆ ಎದ್ದಿತ್ತು. "ಏನ್ ಸ್ವಾಮಿ, ನಿಮ್ ಗಾಡಿ ಕುಡ್ಕೊಂಡೈತಾ?" ಎಂದ. ಯಾರೂ ನಗದಿದ್ದುದನ್ನು ಕಂಡು, ತನ್ನ ಗಾಡಿಯಿಂದ ಎಳನೀರು ತಂದು ಕೊಚ್ಚಿ ಒಬ್ಬೊಬ್ಬರಿಗೂ ಕೊಟ್ಟ. ಅವನ ಹೆಸರನ್ನೂ ಕೇಳಲಿಲ್ಲ ನಾನು. ಇದನ್ನು ಯಾರಾದರೂ ಅವನಿಗೆ ಓದಿ ಹೇಳಿದರೆ, ಅಂದು ಹೇಳದೆ ಉಳಿದ ವಂದನೆ ಇದೇ ಎಂದು ತಿಳಿಯಬೇಕು.

"ನಿನಗೆ ಹೇಗೆ ಗೊತ್ತಾಯ್ತು?" ಎಂದು ಗಿರಿಜಳನ್ನು ಕೇಳಿದೆ. ಅವಳು ಓದಿದ್ದು ಮಿಡ್ಲ್ ಸ್ಕೂಲಿನವರೆಗೆ. "ಮುಂದಿನ ಹಲಗೆ ಎದ್ದೆದ್ದು ಬೀಳ್ತಿತ್ತು ಕಣ್ರೀ. ಅನ್ನ ಉಕ್ಕಿ ಮುಚ್ಚಳ ಏಳಲ್ವಾ, ಹಾಗೆ. ಅದುಮಿ ಹಿಡೀಬೇಕು ಅನ್ನಿಸ್ತು" ಎಂದಳು. ನಾನು ಕಪ್ಪುಹಲಗೆಯ ಮೇಲೆ ಹತ್ತು ವರ್ಷ ಬರೆದ ಪಾಠ ಇಷ್ಟೇ.

ಕೆರೆಯ ಬಳಿ ಡೇರೆ ಹಾಕಿದೆವು. ಅನ್ನ ಬೆಂದಿತು. ಮಕ್ಕಳು ಸಂಜೆಯೊಳಗೆ ಎಲ್ಲ ಮರೆತು, ಗಾಡಿ ಓಲಾಡಿದ ಬಗೆಯನ್ನೇ ಒಂದು ಆಟ ಮಾಡಿಕೊಂಡರು. ಅವ್ವ ಮಾತ್ರ ಮಾತು ಬಿಟ್ಟಳು. ತಟ್ಟೆಯಲ್ಲಿ ಎರಡು ತುತ್ತು ಕಲಸಿಟ್ಟು ಎದ್ದುಬಿಡುವಳು. ಮೊಮ್ಮಕ್ಕಳು ಹತ್ತಿರ ಬಂದರೆ ತಲೆ ಸವರಿ, ಯಾವುದೋ ತಪ್ಪು ಮಾಡಿದವಳಂತೆ ಕೈ ಹಿಂದಕ್ಕೆ ತೆಗೆದುಕೊಳ್ಳುವಳು. ಭಾವ "ರಸ್ತೆ ಸರಿಯಿಲ್ಲ ಅತ್ತೆ" ಎಂದರು. ಗಿರಿಜ "ಕೀಲು ಸಡಿಲ ಇತ್ತು" ಎಂದಳು. ಅವ್ವ ಒಂದೇ ಒಂದು ಸಲ ಹೇಳಿದ್ದು: "ನನ್ನ ಬಾಯಿಂದ ಬಂತಲ್ಲ." ಅಷ್ಟೇ. ಆ ಇಳಿಜಾರಿನಲ್ಲಿ ನಾವು ಯಾರನ್ನೂ ಕಳೆದುಕೊಳ್ಳಲಿಲ್ಲ ಎಂದುಕೊಂಡಿದ್ದೆ. ಅವ್ವನನ್ನು ಅಲ್ಲೇ ಬಿಟ್ಟು ಬಂದೆವೋ ಎನ್ನಿಸತೊಡಗಿತು.

ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಹಳೇಬೀಡಿನ ಗೋಡೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಸಾಲು ಆನೆಗಳದು. ಕುದುರೆ, ಬಳ್ಳಿ, ಹಂಸ ಎಲ್ಲ ಅದರ ಮೇಲೆ. ಆನೆ ಒಂದರಂತೆ ಒಂದಿಲ್ಲ ಎಂದು ಗೈಡುಗಳು ಬೆರಗುಪಡುತ್ತಾರೆ. ನನಗೆ ಆ ದಿನ ಕಂಡ ಬೆರಗು ಬೇರೆ. ಕಲ್ಲಿನ ಗೋಡೆಗೆ ಆನೆಯಾದರೇನು ಹಂಸವಾದರೇನು, ತೂಕ ಒಂದೇ. ಆದರೂ ಆ ಶಿಲ್ಪಿಗೆ ಹಂಸದ ಮೇಲೆ ಆನೆ ನಿಲ್ಲಿಸಲು ಮನಸ್ಸು ಬರಲಿಲ್ಲ. ಕಲ್ಲಿನ ಹಂಸಕ್ಕೂ ನೋವಾದೀತು ಎಂದು ಅವನಿಗೆ ಅನ್ನಿಸಿರಬೇಕು. ಜೀಪಿಗೂ ಕುತ್ತಿಗೆಯಿದೆ ಎಂದುಕೊಂಡ ಅವ್ವ ಅವನ ವಂಶದವಳೇ ಎಂದು ತೋರಿತು. ಅದನ್ನು ಅವಳಿಗೆ ಹೇಳುವ ಬದಲು ಆನೆಗಳನ್ನು ತೋರಿಸಿದೆ. ಬೇಲೂರಿಗೆ ಬಸ್ಸಿನಲ್ಲಿ ಹೋಗಿ ಬಂದೆವು.

ನಾಲ್ಕನೆಯ ದಿನ ಹಿಂತಿರುಗುವಾಗ ಭಾರವನ್ನೆಲ್ಲ ಗಿರಿಜ ಹೇಳಿದ ಜಾಗದಲ್ಲಿ ಇಟ್ಟೆವು. ಕೀಲಿಗೆ ತಂತಿ ಸುತ್ತಿದೆವು. ಅದೇ ಇಳಿಜಾರು ಈಗ ಏರಾಗಿ ಎದುರಿಗೆ ನಿಂತಿತು. ಅವ್ವ ಕಮಾನಿನೊಳಗಿಂದ ಅಳುಕುತ್ತ ಹೇಳಿದಳು: "ಸ್ವಲ್ಪ ನಿಲ್ಸಪ್ಪಾ ಶಿವಣ್ಣ. ಏರಲ್ಲಿ ನಾನು ಇಳಿದು ನಡೀತೀನಿ."

"ಜೀಪು ಎಳೀತದೆ ಅತ್ತೆ, ಅದೇನು ಎತ್ತಾ?" ಎಂದರು ಭಾವ. ಅಷ್ಟರಲ್ಲಿ ನಾನು ಇಳಿದಿದ್ದೆ. ಗಿರಿಜಳೂ ಮಕ್ಕಳೂ ಇಳಿದರು. ಜೀಪು ಜನರಿಲ್ಲದ ಗಾಡಿಯನ್ನು ಎಳೆದುಕೊಂಡು ಮುಂದೆ ಹೋಯಿತು. ಮಕ್ಕಳು ಅದರ ಹಿಂದೆ ಓಡಿದರು, ಗಿರಿಜ ಅವರ ಹಿಂದೆ. ನಾನು ಅವ್ವನ ಕೈ ಹಿಡಿದು ನಿಧಾನವಾಗಿ ಹತ್ತಿದೆ. ಹಳ್ಳದ ಹತ್ತಿರ ಬಂದಾಗ ಅವಳು ಆ ಕಡೆ ನೋಡಲಿಲ್ಲ.

"ಬಸಣ್ಣ, ಅವತ್ತು ನಾನು ಹಿಂದಕ್ಕೆ ಸರೀರಿ ಅಂದಾಗ ನೀನು ಈ ಕಡೆಗೇ ತಿರುಗಿ ಕೂತಿದ್ದೆ. ಕೇಳಿಸ್ಲಿಲ್ವಾ?"

"ಕೇಳಿಸ್ತು ಕಣವ್ವ."

"ಮತ್ಯಾಕ್ಲಾ ಬೇಡ ಅನ್ಲಿಲ್ಲ? ಮಕ್ಕಳಿಗೆ ಅದನ್ನೇ ಪಾಠ ಹೇಳ್ತೀಯಂತಲ್ಲ."

ರಸ್ತೆ, ಕೀಲು, ಗಾಳಿ ಎಂದು ನಾಲಗೆಯ ತುದಿಯಲ್ಲಿ ಬೇಕಾದಷ್ಟು ನೆಪಗಳಿದ್ದವು. ಅವನ್ನೆಲ್ಲ ಬಿಟ್ಟುಬಿಟ್ಟೆ. "ನೀನು ಹೇಳಿದ್ದೇ ಸರಿ ಅಂದ್ಕೊಂಡಿದ್ದೆ ಕಣವ್ವ. ನನಗೂ ಹೊಳೀಲಿಲ್ಲ" ಎಂದೆ.

ಅವ್ವ ನಿಂತಳು. "ಅಷ್ಟು ಓದಿದ ನಿನಗೇ ಹೊಳೀಲಿಲ್ವಾ?"

"ಚೂರೂ ಇಲ್ಲ."

ಅವಳು ನನ್ನ ಮುಖವನ್ನು ಸುಳ್ಳಿಗಾಗಿ ಹುಡುಕಿದಳು. ಅಲ್ಲಿ ಬರೀ ದಡ್ಡತನ ಸಿಕ್ಕಿರಬೇಕು. ಮೊದಲು ತುಟಿ ಅದುರಿತು, ಆಮೇಲೆ ಭುಜ. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆಂದು ನಾನು ಗಾಬರಿಯಾಗುವಷ್ಟರಲ್ಲಿ ಸೆರಗು ತೆಗೆದು, ಮುಂದೆ ಹೋಗುತ್ತಿದ್ದವಳಿಗೆ ಇಡೀ ಬಯಲಿಗೆ ಕೇಳುವಂತೆ ಕೂಗಿದಳು: "ಕೇಳ್ದೇನೇ ಗಿರಿಜಾ! ನಿನ್ನ ಗಂಡನ ಓದು ಪೂರ್ತಾ ದಂಡ ಕಣೇ!"

ಗಿರಿಜ ಅಲ್ಲಿಂದಲೇ, "ನನಗೆ ಮೊದ್ಲೇ ಗೊತ್ತಿತ್ತು ಅತ್ತೆ!" ಎಂದಳು.

ಆ ಪದವಿ ನನಗೆ ಕೆಲಸ ಕೊಟ್ಟಿದೆ, ಊರಿನಲ್ಲಿ ಒಂದಿಷ್ಟು ಮರ್ಯಾದೆ ಕೊಟ್ಟಿದೆ. ಆದರೆ ಅದನ್ನು ಪಡೆದದ್ದಕ್ಕೆ ನಾನು ನಿಜವಾಗಿ ಋಣಿಯಾದದ್ದು ಆ ಏರಿನ ಮೇಲೆ. ಅದಿಲ್ಲದಿದ್ದರೆ ನನ್ನ ದಡ್ಡತನದಿಂದ ಅವ್ವನಿಗೆ ಅಷ್ಟು ಸಮಾಧಾನ ಸಿಗುತ್ತಿರಲಿಲ್ಲ. ಮೇಲೆ ಭಾವ ಜೀಪು ನಿಲ್ಲಿಸಿ ಹಾರ್ನ್ ಹೊಡೆಯುತ್ತಲೇ ಇದ್ದರು. ಅವ್ವ ನನ್ನ ಹೆಗಲಿಗೆ ಭಾರ ಬಿಟ್ಟು ನಗುತ್ತ ಹತ್ತುತ್ತಿದ್ದಳು. ನಾವು ಅವಸರ ಮಾಡಲಿಲ್ಲ.