ಎರಡನೇ ಕುರ್ಚಿಗೆ ಜಾಗ

ಆಫೀಸಿನಲ್ಲಿ ಅವನಿಗೆ ತಕ್ಕಡಿ ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಪಕ್ಕದವರ ಚಹಾ ಲೋಟ ತನ್ನದಕ್ಕಿಂತ ತುಂಬಿದೆಯೇ ಎಂದು ನೋಡದೆ ಅವನು ಗುಟುಕು ಏರಿಸುತ್ತಿರಲಿಲ್ಲ. ಆಫೀಸಿನ ವೆಬ್‌ಸೈಟಿಗೆ ಬಾಡಿಗೆ ಮನೆಗಳ ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ಕೋಡ್ ಅಂಥವನ ಪಾಲಿಗೇ ಬಂದಿತ್ತು. ಎರಡೆರಡು ಮನೆಗಳನ್ನು ಎದುರುಬದುರು ನಿಲ್ಲಿಸಿ ಯಾವುದು ಮೇಲು ಎಂದು ತೀರ್ಪು ಕೊಡುವ ಫಂಕ್ಷನ್ ಬರೆದು ಬೀಗಿದ್ದ.

ಈಗ ಅವನಿಗೇ ಮನೆ ಬೇಕಿತ್ತು. ಇದ್ದ ಕೋಣೆಯನ್ನು ಮಾಲೀಕರು ಬಿಡಿಸುತ್ತಿದ್ದರು. ನೋಡಿಟ್ಟ ಮೂರು ಒಂಟಿ ಕೋಣೆಗಳಲ್ಲಿ ಒಂದಕ್ಕೆ ಸಂಜೆಯೊಳಗೆ ಹೂಂ ಅನ್ನದಿದ್ದರೆ ಗಂಟುಮೂಟೆ ಬೀದಿಗೆ. ಬೆಳಕಿನಲ್ಲಿ ಮೊದಲನೆಯದು ಎರಡನೆಯದಕ್ಕಿಂತ ವಾಸಿ. ಬಾಡಿಗೆಯಲ್ಲಿ ಎರಡನೆಯದು ಮೂರನೆಯದಕ್ಕಿಂತ ವಾಸಿ. ಆಫೀಸಿಗೆ ಹತ್ತಿರ ಎಂದರೆ ಮೂರನೆಯದು ಮೊದಲನೆಯದಕ್ಕಿಂತ ವಾಸಿ. ಗಾಣದೆತ್ತಿನಂತೆ ಸುತ್ತಿ ತಲೆ ಕೆಟ್ಟಿತು.

ಅವನ ಫಂಕ್ಷನ್ನಿಗೂ ಅದೇ ರೋಗ. ಜೋಡಿ ಬದಲಾದರೆ ಅಳತೆಗೋಲೂ ಬದಲು. ವೆಬ್‌ಸೈಟಿನ ಪುಟ ತೆರೆದಾಗಲೆಲ್ಲ ಪಟ್ಟಿಯ ಮನೆಗಳು ಜಾಗ ಬದಲಿಸುತ್ತಿದ್ದವು.

ಎದುರು ಮೇಜಿನ ಹಿರಿಯ ಮೇಡಂ ಪರದೆಗೆ ಇಣುಕಿದರು. "ಏನಪ್ಪ ತಕ್ಕಡಿ, ಮನೆಗಳನ್ನ ಕುಸ್ತಿಗೆ ಬಿಟ್ಟಿದೀಯಲ್ಲ! ಎರಡೆರಡನ್ನ ಹೋಲಿಸೋದು ಬಿಡು. ಒಂದೊಂದನ್ನೇ ಕರೆದು ಒಂದೇ ಪ್ರಶ್ನೆ ಕೇಳು. ಬಂದ ಉತ್ತರಾನ ಅದರ ಹಣೆಗೆ ಅಂಟಿಸು. ಕೀ ಫಂಕ್ಷನ್ ಅಂದ್ರೆ ಅಷ್ಟೇ. ಸಾಲಾಗಿ ನಿಲ್ಲಿಸೋದನ್ನ ಕಂಪ್ಯೂಟರ್ ನೋಡ್ಕೊಳ್ಳುತ್ತೆ."

"ಏನು ಪ್ರಶ್ನೆ ಕೇಳ್ಲಿ ಮೇಡಂ?"

"ಅದನ್ನೂ ನಾನೇ ಹೇಳ್ಬೇಕಾ? ಮನೆ ಹುಡುಕೋರಿಗೆ ಏನು ಮುಖ್ಯಾನೋ ಅದು."

ಉದ್ದದ ಫಂಕ್ಷನ್ ಅಳಿಸಿ ಒಂದೇ ಸಾಲು ಬರೆದ: ಮನೆ ಕೊಟ್ಟರೆ ಬಾಡಿಗೆ ಹೇಳುವ ಸಾಲು. ಪಟ್ಟಿ ತೆಪ್ಪಗೆ ನಿಂತಿತು. ತಾನು ನೋಡಿಟ್ಟ ಮೂರು ಕೋಣೆಗಳಿಗೆ ಏನು ಕೇಳಬೇಕೆಂದು ಮಾತ್ರ ಹೊಳೆಯದೆ ಅಕ್ಕನಿಗೆ ಫೋನ್ ಮಾಡಿದ.

"ಯಾವುದಾದ್ರೂ ತಗೊಳ್ಳೋ. ನಾನು ಬಂದ್ರೆ ಕೂರೋಕೆ ಜಾಗ ಇರ್ಲಿ. ಹೋದ್ಸಲ ನಿನ್ನ ಕೊಳೆ ಬಟ್ಟೆ ರಾಶಿ ಮೇಲೆ ಕೂತಿದ್ದೆ."

"ಆ ಹೋದ್ಸಲ ಆಗಿ ಎಷ್ಟು ಕಾಲ ಆಯ್ತು ಗೊತ್ತಾ ಅಕ್ಕ?"

"ಬರ್ತೀನಿ ಕಣೋ, ಮಕ್ಕಳ ಪರೀಕ್ಷೆ ಮುಗೀಲಿ." ಹಿಂದೆ ಏನೋ ಬಿದ್ದ ಸದ್ದು, ಮಕ್ಕಳ ಕೂಗು, ಫೋನ್ ಕಟ್ಟಾಯಿತು.

ಪ್ರಶ್ನೆ ಸಿಕ್ಕಿತ್ತು. ಒಂದೊಂದು ಕೋಣೆಯನ್ನೂ ಕಣ್ಮುಂದೆ ತಂದು ಕೇಳಿದ: ಮಂಚ ಹಾಕಿದ ಮೇಲೆ ಎರಡನೇ ಕುರ್ಚಿಗೆ ಜಾಗ ಇದೆಯೇ? ಬೆಳಕಿನದು ಇಲ್ಲ ಎಂದಿತು. ಹತ್ತಿರದ್ದೂ ಇಲ್ಲ ಎಂದಿತು. ಹಗಲಲ್ಲೂ ದೀಪ ಬೇಡುವ ಎರಡನೆಯದೊಂದೇ ಇದೆ ಎಂದಿತು. ಅದರ ಮಾಲೀಕರಿಗೆ ಆಗಲೇ ಹೂಂ ಎಂದ.

ಹೊಸ ಕೋಣೆಯ ಮೊದಲ ಭಾನುವಾರ ಎರಡು ಕುರ್ಚಿ ತಂದು ಎದುರುಬದುರು ಹಾಕಿದ. ಚಹಾ ಮಾಡಿಕೊಂಡು ಒಂದರಲ್ಲಿ ಕುಳಿತು, ರೂಢಿಯಂತೆ ಎದುರಿನ ಖಾಲಿ ಕುರ್ಚಿಯತ್ತ ಕತ್ತು ಚಾಚಿದ. ಅಳೆದು ನೋಡಲು ಇನ್ನೊಂದು ಲೋಟ ಇರಲಿಲ್ಲ.