ಹಾಳುಬಿದ್ದ ಕಾರನ್ನು ನಾವಿಬ್ಬರು ಓಡಿಸಿದ್ದು

ಮುಂಬಯಿಯ ಘಾಟ್ಕೋಪರಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಕನ್ನಡ ಮಾತಾಡುವ ಮನೆಗಳು ಎರಡೇ. ಒಂದು ಧಾರವಾಡದಿಂದ ಬಂದ ನಮ್ಮದು, ಇನ್ನೊಂದು ಮೊದಲ ಮಹಡಿಯಲ್ಲಿರುವ ಉಡುಪಿ ಕಡೆಯವರದು. ಆ ಮನೆಯ ಯಜಮಾನರಿಗೆ ಸ್ಟೇಷನ್ ಹತ್ತಿರ ಹೋಟೆಲ್ ಇದೆ. ನಾನು ಫೋರ್ಟ್ ಪ್ರದೇಶದ ಆಫೀಸೊಂದರಲ್ಲಿ ಕೆಲಸ ಮಾಡುತ್ತೇನೆ. ಆ ಮನೆಯಾಕೆಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಐವತ್ತರ ಆಸುಪಾಸು. ಒಂದೇ ಭಾಷೆಯವರಾದ್ದರಿಂದ ಬಿಲ್ಡಿಂಗಿನವರು ನಮ್ಮನ್ನು ಗೆಳತಿಯರು ಅಂದುಕೊಂಡಿದ್ದರು. ನಿಜವೆಂದರೆ ಎರಡು ವರ್ಷ ನಾವು ಬಾಯಿ ತೆರೆದದ್ದು ಜಗಳಕ್ಕೆ ಮಾತ್ರ.

ಜಗಳಕ್ಕೆ ಕಾರಣ ಒಂದು ಬೆಳ್ಳಿ ಬಣ್ಣದ ಹಳೇ ಕಾರು. ಬಿಲ್ಡಿಂಗಿನ ಹಿಂಬದಿಯಲ್ಲಿ ಮೂರು ಕಾರು ನಿಲ್ಲುವಷ್ಟು ಜಾಗವಿದೆ. ಮೂರನೇ ಮಹಡಿಯಲ್ಲಿದ್ದವರು ಮನೆ ಮಾರಿ ಹೋಗುವಾಗ, ನಾಲ್ಕು ದಿನದಲ್ಲಿ ಒಯ್ಯುತ್ತೇನೆ ಎಂದು ಹೇಳಿ ಆ ಕಾರನ್ನು ಅಲ್ಲೇ ಓರೆಯಾಗಿ ನಿಲ್ಲಿಸಿ ಹೋದರು. ಆಮೇಲೆ ಬರಲೇ ಇಲ್ಲ. ಟೈರುಗಳು ನೆಲಕ್ಕೆ ಅಂಟಿದವು. ಅದರ ಅಡಿಯಲ್ಲಿ ಬೆಕ್ಕೊಂದು ಎರಡು ಸಲ ಮರಿ ಹಾಕಿತು. ಓರೆಯಾಗಿ ನಿಂತದ್ದರಿಂದ ಅದು ಎರಡು ಕಾರಿನ ಜಾಗ ನುಂಗಿತ್ತು. ಉಳಿದದ್ದು ಒಂದು ಜಾಗ. ಅದಕ್ಕೆ ನನ್ನ ಗಂಡ ಓಡಿಸುವ ನಮ್ಮದೊಂದು, ಅವರದೊಂದು, ಎರಡು ಕಾರು. ಸಂಜೆ ಯಾರು ಮೊದಲು ಬರುತ್ತಾರೋ ಅವರು ಒಳಗೆ, ತಡವಾಗಿ ಬಂದವರು ರಸ್ತೆಯಲ್ಲಿ.

"ಇದು ನಮಗ ಕೊಟ್ಟ ಜಾಗ ಐತ್ರಿ. ಎಷ್ಟ ಸಲ ಹೇಳಬೇಕು ನಿಮಗ?" ಎಂದು ನಾನು ಬಾಲ್ಕನಿಯಿಂದ ಕೂಗುತ್ತಿದ್ದೆ.

"ಮತ್ತೆ ನಮ್ಮ ಕಾರು ಎಲ್ಲಿ ಇಡುದು? ತಲೆ ಮೇಲೆ ಇಟ್ಕೊಳ್ಳುದಾ ಮಾರಾಯ್ರೆ?" ಎಂದು ಆಕೆ ಕೆಳಗಿನಿಂದ ಕೇಳುತ್ತಿದ್ದರು.

ಒಂದಕ್ಷರ ಅರ್ಥವಾಗದಿದ್ದರೂ ಉಳಿದ ಮನೆಯವರೆಲ್ಲ ಕಿಟಕಿಗೆ ಬಂದು ನಿಲ್ಲುತ್ತಿದ್ದರು.

ಸೊಸೈಟಿಯಿಂದ ಹಳೆಯ ಮಾಲೀಕರಿಗೆ ಪತ್ರಗಳು ಹೋದವು, ಉತ್ತರ ಬರಲಿಲ್ಲ. ಅವರ ಸಹಿ ಇಲ್ಲದೆ ಕಾರು ಮುಟ್ಟುವ ಹಾಗಿರಲಿಲ್ಲ. ನಮ್ಮ ಚೇರ್ಮನ್ ನಿವೃತ್ತರಾದ ಮರಾಠಿ ಸಜ್ಜನರು, ನಮ್ಮಿಬ್ಬರಿಂದಲೂ ಸಾಕಷ್ಟು ಬೇಸತ್ತವರು. ಅವರು ಕೊನೆಗೆ ಎಲ್ಲಿಂದಲೋ ಆ ಮನುಷ್ಯನ ಕುರ್ಲಾದ ವಿಳಾಸ ಹುಡುಕಿ, ಕಾರನ್ನು ಗುಜರಿಗೆ ಕೊಡಲು ಒಪ್ಪಿಗೆಯ ಪತ್ರವೊಂದನ್ನು ಟೈಪ್ ಮಾಡಿಸಿ ತಂದರು. "ನೀವಿಬ್ಬರೂ ಕೂಡಿಯೇ ಹೋಗಿ ಸಹಿ ತನ್ನಿ. ಒಬ್ಬರು ಹೋದರೆ ಇನ್ನೊಬ್ಬರು ನಂಬುವುದಿಲ್ಲ," ಎಂದು ಹಿಂದಿಯಲ್ಲಿ ಹೇಳಿ ಕೈಮುಗಿದರು.

ಶನಿವಾರ ಬೆಳಿಗ್ಗೆ ಲೋಕಲ್ ರೈಲು ಹತ್ತಿದೆವು. ಘಾಟ್ಕೋಪರಿನಿಂದ ಕುರ್ಲಾಕ್ಕೆ ಎರಡೇ ಸ್ಟೇಷನ್, ಅಷ್ಟು ಹೊತ್ತೂ ಆಕೆ ಕಿಟಕಿಯ ಆಚೆ ನೋಡಿದರು, ನಾನು ಫ್ಯಾನ್ ನೋಡಿದೆ. ಲಿಫ್ಟ್ ಇಲ್ಲದ ಬಿಲ್ಡಿಂಗಿನ ನಾಲ್ಕನೇ ಮಹಡಿಗೆ ಹತ್ತುವಾಗ ಇಬ್ಬರಿಗೂ ಉಸಿರು ಕಟ್ಟಿ, ಒಂದೇ ಮೆಟ್ಟಿಲ ಮೇಲೆ ಒಬ್ಬರ ಭುಜ ಒಬ್ಬರು ಹಿಡಿದು ನಿಲ್ಲಬೇಕಾಯಿತು.

ಬಾಗಿಲು ತೆರೆದ ಹಿರಿಯರು ಸೊಸೈಟಿಯ ಹೆಸರು ಕೇಳಿದ್ದೇ ಕುರ್ಚಿಯಲ್ಲಿ ಕುಸಿದರು.

"ಅದು ಇನ್ನೂ ಇದೆಯಾ?" ಎಂದು ಹಿಂದಿಯಲ್ಲಿ ಮೆಲ್ಲಗೆ ಕೇಳಿದರು. ರಿಪೇರಿ ಮಾಡಿಸಿ ಒಯ್ಯಬೇಕೆಂದು ಮುಂದೂಡುತ್ತ ಹೋದರಂತೆ. ವರ್ಷ ಕಳೆದ ಮೇಲೆ ಬರಲು ನಾಚಿಕೆಯಾಯಿತಂತೆ. ಈಗಲೂ ಲೋಕಲ್‌ನಲ್ಲಿ ಘಾಟ್ಕೋಪರ್ ಬಂದರೆ ಆಚೆ ಬದಿಗೆ ಮುಖ ತಿರುಗಿಸಿ ಕೂರುತ್ತಾರಂತೆ. ಪತ್ರಕ್ಕೆ ಸಹಿ ಹಾಕಿದರು, ಕಾಗದಪತ್ರ ಮತ್ತು ಕೀಲಿ ಕೊಟ್ಟರು. "ನಾನು ಮಾತ್ರ ಬರುವುದಿಲ್ಲ. ಅದರ ಮುಖ ನೋಡುವ ಧೈರ್ಯ ನನಗಿಲ್ಲ."

ಮೆಟ್ಟಿಲು ಇಳಿಯುತ್ತಾ ಎರಡನೇ ಮಹಡಿಗೆ ಬಂದಾಗ ಉಡುಪಿಯಾಕೆ ಗೋಡೆಗೆ ಒರಗಿದರು. ಸುಸ್ತಾಯಿತೇನೋ ಅಂದುಕೊಂಡೆ. ಅವರು ನಗುತ್ತಿದ್ದರು.

"ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟು ಬಂದವರ ಹಾಗೆ ಮಾತಾಡಿದ್ರಲ್ಲ ಮಾರಾಯ್ರೆ," ಎಂದರು. ನನಗೂ ತಡೆಯಲಾಗಲಿಲ್ಲ. ಮರಳುವಾಗ ರೈಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿದರೆ ಸಾಕು, ಮತ್ತೆ ಶುರುವಾಗುತ್ತಿತ್ತು.

ಮುಂದಿನ ಭಾನುವಾರ ಗುಜರಿಯವರು ಬರುವುದೆಂದಾಯಿತು. ಮುಂಬಯಿಯಲ್ಲಿ ಗುಜರಿಗೆ ಭಂಗಾರ್ ಅನ್ನುತ್ತಾರೆ. "ಭಂಗಾರದವರು ಬರ್ತಾರ" ಎಂದು ನಾನು ಮನೆಯಲ್ಲಿ ಹೇಳಿದಾಗ ನಮ್ಮ ಅತ್ತೆ, "ಆ ಕಾರಿನ್ಯಾಗ ಬಂಗಾರ ಇತ್ತೇನ? ಇಷ್ಟ ದಿನ ಯಾರೂ ಹೇಳಲೇ ಇಲ್ಲಲ್ಲ," ಎಂದು ಚಪ್ಪಲಿ ಮೆಟ್ಟಿಕೊಂಡು ಎಲ್ಲರಿಗಿಂತ ಮೊದಲು ಕೆಳಗಿಳಿದಿದ್ದರು.

ಗುಜರಿಯ ಲಾರಿಗೆ ನಮ್ಮ ಗಲ್ಲಿ ಇಕ್ಕಟ್ಟು. ಅದು ದೊಡ್ಡ ರಸ್ತೆಯಲ್ಲೇ ನಿಂತಿತು. ಕಾರನ್ನು ಅಲ್ಲಿಯವರೆಗೆ ತಳ್ಳಿಕೊಂಡು ಹೋಗಬೇಕಿತ್ತು. ಪಂಕ್ಚರ್ ಅಂಗಡಿಯವನು ನಾಲ್ಕೂ ಟೈರಿಗೆ ಗಾಳಿ ತುಂಬಿ, "ಮೂರು ನಿಲ್ಲುತ್ತವೆ. ನಾಲ್ಕನೆಯದು ಕಾಲುಗಂಟೆ, ಅಷ್ಟೇ," ಎಂದು ಎಚ್ಚರಿಸಿದ. ಗಂಡಸರೆಲ್ಲ ಅವಸರದಲ್ಲಿ ತೋಳೇರಿಸಿದರು. ಆದರೆ ಸ್ಟಿಯರಿಂಗ್ ಹಿಡಿಯುವವರು ಯಾರು? ಮುಂದಿನ ಎರಡೂ ಬಾಗಿಲು ತುಕ್ಕು ಹಿಡಿದು ಬಿಗಿದುಹೋಗಿದ್ದವು. ತೆರೆದದ್ದು ಹಿಂದಿನದೊಂದೇ. ಅದರೊಳಗೆ ನುಸುಳಿ, ಎರಡು ಸೀಟುಗಳ ನಡುವಿನಿಂದ ಮುಂದಕ್ಕೆ ದಾಟಬೇಕು. ಬಿಲ್ಡಿಂಗಿನ ಗಂಡಸರ ಹೊಟ್ಟೆಗಳನ್ನೆಲ್ಲ ಚೇರ್ಮನ್ ಒಮ್ಮೆ ನೋಡಿದರು. ಆಮೇಲೆ ಸಣಕಲಿಯಾದ ನನ್ನನ್ನು ನೋಡಿದರು.

"ನನಗ ಕಾರ್ ಓಡಸಾಕ ಬರೂದಿಲ್ರಿ," ಎಂದೆ.

"ನನಗೆ ಬರ್ತದೆ, ಆದ್ರೆ ನಾನು ಅಲ್ಲಿ ಹಿಡಿಯುದಿಲ್ಲ," ಎಂದರು ಉಡುಪಿಯಾಕೆ. "ನೀವು ಮುಂದೆ ಕೂತ್ಕೊಳ್ಳಿ. ನಾನು ಹಿಂದೆ ಕೂತು ಹೇಳ್ತೇನೆ. ಹ್ಯಾಂಡ್‌ಬ್ರೇಕ್ ನನ್ನ ಕೈಯಲ್ಲೇ ಇರ್ಲಿ."

ಸೀರೆ ಎತ್ತಿ ಸಿಕ್ಕಿಸಿಕೊಂಡು ಒಳಗೆ ತೂರಿದೆ. ಆಕೆ ಹಿಂದಿನ ಸೀಟಿನಲ್ಲಿ ಕೂತು, ನಡುವೆ ಕೈ ಚಾಚಿ ಹ್ಯಾಂಡ್‌ಬ್ರೇಕ್ ಹಿಡಿದರು. ಮುಂದಿನ ಗಾಜಿನ ತುಂಬ ಪಾರಿವಾಳದ ಹಿಕ್ಕೆ. ಒರೆಸಿದ ಅಂಗೈಯಗಲದ ಜಾಗದಲ್ಲಿ ಕಾಣುತ್ತಿದ್ದದ್ದು ಸೀಟಿ ಊದುತ್ತ ಹಿಂದೆ ಹಿಂದೆ ನಡೆಯುವ ಚೇರ್ಮನ್ ಮಾತ್ರ. ಎಂಟು ಜನ ತಳ್ಳಿದರು. ಕಾರು ನರಳಿತು, ಅಲುಗಿತು, ಉರುಳಿತು. ಮೇಲಿನ ಬಾಲ್ಕನಿಗಳಿಂದ ಚಪ್ಪಾಳೆ ಬಿತ್ತು.

"ಎಡಕ್ಕೆ, ಎಡಕ್ಕೆ. ಗೇಟು ಉಂಟು ಅಲ್ಲಿ."

"ತಿರಗವಲ್ದ್ರಿ ಇದು, ಕಲ್ಲು ಇದ್ದಂಗ ಐತಿ."

"ಎರಡೂ ಕೈಯಲ್ಲಿ ಎಳೀರಿ. ಕುಕ್ಕರ್ ಮುಚ್ಚಳ ತೆಗೆದ ಹಾಗೆ."

ಕುಕ್ಕರ್ ಮುಚ್ಚಳ ಎಂದದ್ದೇ ನನಗೆ ನಗು ಒತ್ತರಿಸಿ ಬಂತು. ಗೇಟು ದಾಟಿದ್ದು ಹೇಗೋ ತಿಳಿಯದು. ಗೇಟಿನಾಚೆ ಗಲ್ಲಿ ಇಳಿಜಾರು. ಅದು ಹದಿನೈದು ವರ್ಷದಿಂದ ಅಲ್ಲೇ ಇರುವ ನಮಗೆಲ್ಲ ಗೊತ್ತಿತ್ತು, ಆ ಗಳಿಗೆಯಲ್ಲಿ ಮಾತ್ರ ಯಾರಿಗೂ ನೆನಪಾಗಲಿಲ್ಲ. ತಳ್ಳುವವರ ಕೈಯಿಂದ ಕಾರು ಜಾರಿಕೊಂಡಿತು. ಅಂಗೈಯಗಲದ ಗಾಜಿನಲ್ಲಿ ಚೇರ್ಮನ್ ಸೀಟಿ ಬಾಯಲ್ಲೇ ಕಚ್ಚಿಕೊಂಡು ತಿರುಗಿ ಓಡತೊಡಗಿದರು.

"ಬ್ರೇಕ್ ಎಳೀರಿ," ಎಂದೆ.

"ಎಳಿತಾ ಇದ್ದೇನೆ. ಸ್ವಲ್ಪ ಸ್ವಲ್ಪವೇ ಹಿಡಿತಾ ಉಂಟು. ನೀವು ನೇರ ಇಡಿ."

ಹೆದರಿಕೆ ಆಗಬೇಕಿತ್ತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನನ್ನ ಕಣ್ಣಲ್ಲಿ ನೀರು, ಹೊಟ್ಟೆಯಲ್ಲಿ ನೋವು, ಎರಡೂ ಕೈ ಸ್ಟಿಯರಿಂಗ್‌ಗೆ ಅಂಟಿಹೋಗಿವೆ. ಆಕೆಯ ಗದ್ದ ನನ್ನ ಭುಜದ ಮೇಲಿತ್ತು, ಕಿವಿಯ ಪಕ್ಕದಲ್ಲೇ ಖೊಕ್ಕನೆ ನಗುತ್ತ, "ನೇರ, ನೇರ, ಅಯ್ಯೋ ದೇವರೇ, ನೇರ," ಎನ್ನುತ್ತಿದ್ದರು. ತರಕಾರಿ ಗಾಡಿಯವನು ತನ್ನ ಗಾಡಿಯನ್ನು ಗೋಡೆಗೆ ಒತ್ತಿ ನಿಂತ. ಇಳಿಜಾರು ಮುಗಿಯಿತು, ವೇಗ ತಗ್ಗಿತು. ಆಕೆ ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದರು. ಲಾರಿ ಇನ್ನೊಂದು ಮೊಳ ಇದೆ ಅನ್ನುವಾಗ ಕಾರು ನಿಂತಿತು. ಹಿಂದೆಯೇ ನಾಲ್ಕನೇ ಟೈರು ಉಸ್ಸೆಂದು ಕೂತಿತು.

ಎಂಟೂ ಜನ ಓಡಿ ಬಂದು ಬಾಗಿಲು ತೆರೆದರೆ ನಾವಿಬ್ಬರೂ ಹೊರಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಏದುಸಿರು ಬಿಡುತ್ತಿದ್ದ ಚೇರ್ಮನ್, "ಇವರು ಜಗಳವಾಡುತ್ತಿದ್ದಾಗಲೇ ಚೆನ್ನಾಗಿತ್ತು," ಎಂದರಂತೆ.

ಒಂದು ವಾರ ಹಿಂಬದಿಯ ಆ ಜಾಗದಲ್ಲಿ ಯಾರೂ ಕಾರು ನಿಲ್ಲಿಸಲಿಲ್ಲ. ಅಷ್ಟು ಖಾಲಿ ನೆಲ ನೋಡಿ ಎಷ್ಟೋ ಕಾಲವಾಗಿತ್ತು. ಜನ ಕುರ್ಚಿ ತಂದು ಹಾಕಿಕೊಂಡು ಚಹಾ ಕುಡಿದರು. ಆಮೇಲೆ ಹಳದಿ ಗೆರೆ ಬಿತ್ತು, ಅವರಿಗೊಂದು, ನಮಗೊಂದು. ಮೂರನೆಯದು ಬಂದುಹೋಗುವ ನೆಂಟರಿಗೆ. ಈಗಲೂ ಆಕೆಯ ಕಾರಿನ ಚಕ್ರ ನಮ್ಮ ಗೆರೆ ಮೆಟ್ಟಿರುತ್ತದೆ, ನಾನು ಬಾಲ್ಕನಿಯಿಂದ ಕೂಗುತ್ತೇನೆ, ಆಕೆ ಒಗ್ಗರಣೆ ಹಾಕಿ ಬರುತ್ತೇನೆ ಅನ್ನುತ್ತಾರೆ.

ಮರುತಿಂಗಳು ನಾನು ಡ್ರೈವಿಂಗ್ ಕ್ಲಾಸಿಗೆ ಸೇರಿದೆ. ಕಲಿಸುವವನು ಮೊದಲ ದಿನ ಕೀಲಿ ತಿರುಗಿಸಿ ಇಂಜಿನ್ ಶುರುಮಾಡಿದಾಗ ಬೆಚ್ಚಿಬಿದ್ದೆ. ನಾನು ಓಡಿಸಿದ್ದ ಕಾರು ಹಾಗೆ ಶಬ್ದವನ್ನೇ ಮಾಡುತ್ತಿರಲಿಲ್ಲ.