ಕೈಗುಣ ಹೋದ ಮೇಲೆ

ಆ ಬೀದಿಯವರೆಲ್ಲ ಅವನನ್ನು ‘ಡಾಕ್ಟ್ರೇ’ ಎಂದೇ ಕರೆಯುತ್ತಿದ್ದರು. “ನಾನು ಡಾಕ್ಟ್ರಲ್ಲ, ಡಾಕ್ಟ್ರ ಕೈಬರಹ ಓದೋನು” ಎಂದು ಮೊದಮೊದಲು ತಿದ್ದಿ ನೋಡಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಕೈಗುಣ ಒಳ್ಳೆಯದು, ಅವನು ಕೊಟ್ಟರೆ ಬರೀ ನೆಗಡಿ ಮಾತ್ರೆಯೂ ಬೇಗ ಹಿಡಿಯುತ್ತದೆ ಎಂಬ ಮಾತು ಹಬ್ಬಿತ್ತು. ದೊಡ್ಡ ಆಸ್ಪತ್ರೆಯ ಎದುರಿನ ಅಂಗಡಿಗಳನ್ನು ದಾಟಿಕೊಂಡು ಜನ ಅವನ ಪುಟ್ಟ ಔಷಧಿ ಅಂಗಡಿಗೆ ಬರುತ್ತಿದ್ದರು.

ಅವನ ಹೆಂಡತಿಯೂ ಅವನಂತೆ ಔಷಧಿಶಾಸ್ತ್ರ ಓದಿದವಳು. ಆದರೆ ಸ್ವಂತ ಅಂಗಡಿಯ ಹುಚ್ಚು ಅವಳಿಗೆ ಎಂದೂ ಹಿಡಿದಿರಲಿಲ್ಲ. ಆ ದೊಡ್ಡ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕಿಟಕಿಯ ಹಿಂದೆ ಕೂತು ಕೆಲಸ ಮಾಡುತ್ತಿದ್ದಳು. ಪಾಳಿ ಮುಗಿದರೆ ಬಿಳಿ ಕೋಟು ಮೊಳೆಗೆ ನೇತುಹಾಕಿ ಹೊರಟುಬಿಡಬಹುದಾದ ಕೆಲಸ. “ಒಂದು ಮನೆಗೆ ಒಂದು ಹುಚ್ಚು ಸಾಕು” ಎಂದು ಗಂಡನನ್ನು ಛೇಡಿಸುತ್ತಿದ್ದಳು. ಅವನೂ ನಗುತ್ತಿದ್ದ. ಊಟಕ್ಕೆ ಕೂತರೂ ಅವನ ಬಾಯಲ್ಲಿ ಅಂಗಡಿಯದೇ ಮಾತು: ಹೊಸ ಕಪಾಟು ಎಲ್ಲಿ ಕೂರಿಸಬೇಕು, ಬೆಳಗಿನ ಬಿಸಿಲು ಸಿರಪ್ಪಿನ ಬಾಟಲಿಗಳಿಗೆ ತಾಗದಂತೆ ಪರದೆ ಯಾವ ಕಡೆ ಕಟ್ಟಬೇಕು. ಅವಳ ಅತ್ತೆಗಂತೂ ಈ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. “ಇವನು ಕಟ್ಕೊಂಡಿದ್ದು ನಿನ್ನನ್ನೋ ಆ ಅಂಗಡೀನೋ?” ಎಂದು ಸೊಸೆಯನ್ನು ಕೇಳುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಆಸ್ಪತ್ರೆಯ ಕಿಟಕಿಗೆ ಒಬ್ಬ ಹುಡುಗಿ ಏದುಸಿರು ಬಿಡುತ್ತ ಬಂದಳು. ಗಂಡನ ಅಂಗಡಿಯಿದ್ದ ಬೀದಿಯ ದರ್ಜಿಯ ಮಗಳು. ಅಪ್ಪ ಹೊಲಿಗೆ ಯಂತ್ರದ ಮೇಲೆಯೇ ಕುಸಿದು ಬಿದ್ದಿದ್ದಾರೆ, ಮೈಯೆಲ್ಲ ತಣ್ಣನೆಯ ಬೆವರು, ಮಾತಿಲ್ಲ, ಒಳಗೆ ಮಲಗಿಸಿದ್ದಾರೆ. ಏನೇನು ಮಾತ್ರೆ ತಗೊಳ್ಳುತ್ತಾರೆ ಎಂದು ಡಾಕ್ಟರು ಕೇಳಿದರು, ನನಗೆ ಹೆಸರು ಗೊತ್ತಿಲ್ಲ ಎಂದು ಹೇಳಿ ಒಂದು ಕಾಗದದ ಲಕೋಟೆಯನ್ನು ಮುಂದೆ ಚಾಚಿದಳು.

ಲಕೋಟೆಯ ಮೇಲೆ ‘ಬೆಳಗ್ಗೆ ಒಂದು, ಊಟಕ್ಕೆ ಮುಂಚೆ’ ಎಂದು ಗುಂಡಗೆ ಬರೆದಿತ್ತು. ಅದು ಗಂಡನ ಅಕ್ಷರ. ಒಳಗಿದ್ದ ಮಾತ್ರೆ ಪಟ್ಟಿಯನ್ನು ಹೊರಗೆಳೆದು ಎರಡೆರಡು ಸಲ ಓದಿದಳು. ಸಕ್ಕರೆ ಕಾಯಿಲೆಯ ಮಾತ್ರೆಯೇ ಸರಿ, ಆದರೆ ಲಕೋಟೆಯಲ್ಲೇ ಮಡಚಿಟ್ಟಿದ್ದ ಡಾಕ್ಟರ ಚೀಟಿಯಲ್ಲಿ ಬರೆದಿದ್ದಕ್ಕಿಂತ ದೊಡ್ಡ ಪ್ರಮಾಣದ್ದು. ಎರಡೂ ಒಂದೇ ಕಂಪನಿಯವು, ಒಂದೇ ಹಸಿರು ಬಣ್ಣ, ಅಂಕಿ ಮಾತ್ರ ಬೇರೆ.

ಸುಮ್ಮನೆ ಮಾತ್ರೆಯ ಹೆಸರಷ್ಟೇ ಹೇಳಿ ಕಳಿಸಬಹುದಿತ್ತು. ಆದರೆ ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ಕಿಟಕಿ ಮುಚ್ಚಿ ತಾನೇ ಒಳಗೆ ಹೋಗಿ, ಹೆಚ್ಚಿನ ಪ್ರಮಾಣದ ಮಾತ್ರೆ ಹೋಗಿದೆ, ಕೊಟ್ಟಿದ್ದು ನಮ್ಮದೇ ಅಂಗಡಿಯಿಂದ ಎಂದು ಡಾಕ್ಟರಿಗೆ ಹೇಳಿದಳು. ರಕ್ತದಲ್ಲಿ ಸಕ್ಕರೆ ತೀರಾ ಇಳಿದಿದ್ದು ಅಷ್ಟರಲ್ಲೇ ಗೊತ್ತಾಗಿ ಅವರು ಗ್ಲೂಕೋಸ್ ಏರಿಸಿದ್ದರು. ಸಂಜೆಯ ಹೊತ್ತಿಗೆ ದರ್ಜಿ ಕಣ್ಣು ಬಿಟ್ಟು, ಅರ್ಧ ಹೊಲಿದ ಅಂಗಿಯ ಗತಿ ಏನಾಯಿತು ಎಂದು ಕೇಳಿದ.

ಗಂಡನಿಗೆ ವಿಷಯ ಹೇಳಿದವಳೂ ಅವಳೇ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಔಷಧಿ ಬಂದ ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತು ಹೇಳಿದಳು. ಅವನು ಕಪಾಟಿನ ಹತ್ತಿರ ಹೋಗಿ ಎರಡೂ ಪಟ್ಟಿಗಳನ್ನು ತೆಗೆದು ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡುತ್ತಾ ನಿಂತ. ಆಮೇಲೆ ಅಂಗಡಿ ಮುಚ್ಚಿ ಆಸ್ಪತ್ರೆಗೆ ನಡೆದು ಹೋಗಿ ದರ್ಜಿಯ ಮಂಚದ ಪಕ್ಕ ಕೂತ.

ದರ್ಜಿ ಬೈದಿದ್ದರೆ ಒಳ್ಳೆಯದಿತ್ತೇನೋ. ಆ ಪುಣ್ಯಾತ್ಮ ಬೈಯಲಿಲ್ಲ. “ಬಿಡಿ ಡಾಕ್ಟ್ರೇ, ನಾನೂ ಒಬ್ಬರ ತೋಳು ಇನ್ನೊಬ್ಬರ ಅಂಗಿಗೆ ಹೊಲಿದು ಕೂರಿಸಿದ್ದೀನಿ” ಎಂದು ನಕ್ಕುಬಿಟ್ಟ. ಆ ನಗು ಅವನನ್ನು ಒಳಗೇ ತಿನ್ನತೊಡಗಿತು.

ಅಲ್ಲಿಂದ ಮುಂದೆ ಅವನ ಕೈ ಅವನದಾಗಿ ಉಳಿಯಲಿಲ್ಲ. ಒಂದು ಮಾತ್ರೆ ತೆಗೆದು ಲಕೋಟೆಗೆ ಹಾಕುವುದು, ಮತ್ತೆ ಹೊರಗೆ ತೆಗೆದು ಚೀಟಿಯೊಡನೆ ಹೋಲಿಸುವುದು, ಮತ್ತೆ ಹಾಕುವುದು, ಗಿರಾಕಿ ಮೆಟ್ಟಿಲು ಇಳಿದ ಮೇಲೆ ಕೂಗಿ ವಾಪಸ್ ಕರೆಯುವುದು. ಅಂಗಡಿ ಮುಂದೆ ಜನ ಸಾಲುಗಟ್ಟಿ ಗೊಣಗುವಂತಾಯಿತು. ಒಮ್ಮೆ ಒಬ್ಬ ಹೆಂಗಸಿನ ಹಿಂದೆ ಬಸ್ ನಿಲ್ದಾಣದವರೆಗೂ ಓಡಿ, ಹೊರಟಿದ್ದ ಬಸ್ಸನ್ನು ಕೈ ಬಡಿದು ನಿಲ್ಲಿಸಿ, ಅವಳ ಚೀಲದೊಳಗಿನ ಮಾತ್ರೆ ಪರೀಕ್ಷಿಸಿ ಬಂದ. ಮಾತ್ರೆ ಸರಿಯಾಗಿಯೇ ಇತ್ತು. ಬಸ್ಸಿನವರು ನಕ್ಕರು. ಬೀದಿಯವರೂ ನಕ್ಕರು, ಆದರೆ ಮೆಲ್ಲಗೆ ಬೇರೆ ಅಂಗಡಿಗಳ ದಾರಿ ಹಿಡಿದರು.

ಹೆಂಡತಿ ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಳು. ದಿನ ಕಳೆದರೆ ಸರಿಹೋದಾನು ಎಂದುಕೊಂಡಳು. ಸತ್ಯ ಮುಚ್ಚಿಟ್ಟಿದ್ದರೆ ಇವನು ಹೀಗಾಗುತ್ತಿರಲಿಲ್ಲವೇನೋ ಎಂಬ ಯೋಚನೆಯೂ ಕೆಲಸದ ನಡುವೆ ಇಣುಕುತ್ತಿತ್ತು. ಅದನ್ನು ಯಾರ ಹತ್ತಿರವೂ ಆಡಲಿಲ್ಲ.

ಒಂದು ಭಾನುವಾರ ಅತ್ತೆ ಅವಳನ್ನು ಅಡುಗೆಮನೆಯ ಮೂಲೆಗೆ ಕರೆದು, “ನಿನಗೆ ಗೊತ್ತಾ, ಅವನು ಅಂಗಡಿ ಮಾರ್ತಾನಂತೆ ಕಣೇ” ಎಂದರು. ಊರೂರಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಕಂಪನಿಯೊಂದರ ಮನುಷ್ಯ ಬಂದು ಮಾತಾಡಿ ಹೋಗಿದ್ದನಂತೆ. ಗಂಡ ಊರಾಚೆಯ ಸಗಟು ಔಷಧಿ ಗೋದಾಮಿನಲ್ಲಿ ತಪಾಸಣೆಯ ಕೆಲಸಕ್ಕೂ ಕೇಳಿಕೊಂಡು ಬಂದಿದ್ದನಂತೆ. ಅಮ್ಮನಿಗೆ ಹೇಳಿದವನು ತನಗೆ ಹೇಳಲಿಲ್ಲವಲ್ಲ ಎಂದು ಅವಳಿಗೆ ಕಸಿವಿಸಿಯಾಯಿತು. ಕೈಲಿದ್ದ ಪಾತ್ರೆ ಕೆಳಗಿಟ್ಟು ನೇರ ಅವನ ಬಳಿಗೆ ಹೋದಳು. ಅವನು ಮಹಡಿಯ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದ.

“ನನಗ್ಯಾಕೆ ಹೇಳಲಿಲ್ಲ?”

“ನೀನು ಬೇಡ ಅಂತೀಯ ಅಂತ ಭಯ ಇತ್ತು. ಬೇಡ ಅಂದ್ರೆ ನಾನು ಉಳ್ಕೊಂಡುಬಿಡ್ತೀನಿ ಅನ್ನೋ ಭಯ ಅದಕ್ಕಿಂತ ಜಾಸ್ತಿ.”

“ಗೋದಾಮಲ್ಲೂ ಮಾತ್ರೆಗಳೇ ಅಲ್ವೇನ್ರೀ ಇರೋದು?”

“ಅಲ್ಲಿ ಪೆಟ್ಟಿಗೆ ಬರುತ್ತೆ, ಪೆಟ್ಟಿಗೆ ಹೋಗುತ್ತೆ. ಯಾರ ಮುಖಾನೂ ಇರಲ್ಲ. ಇಲ್ಲಿ ಒಬ್ಬೊಬ್ಬರು ಬಂದು ಕೈ ಚಾಚಿದಾಗಲೂ ಅವರು ನೆಲದ ಮೇಲೆ ಬಿದ್ದ ಹಾಗೆ ಕಾಣುತ್ತೆ ನನಗೆ.”

ಅವಳು ಪಕ್ಕದಲ್ಲಿ ಕೂತು ತಾನೂ ಒಂದು ಬಟ್ಟೆ ಎತ್ತಿಕೊಂಡಳು. ಅಂಗಡಿಯಿಂದ ಬಿಡುಗಡೆಯಾದರೆ ತನಗೂ ನೆಮ್ಮದಿ ಎಂದೇ ಅವಳು ಇಷ್ಟು ವರ್ಷ ಅಂದುಕೊಂಡಿದ್ದಳು. ಈಗ ನೋಡಿದರೆ ಆ ಕಂಪನಿಯವನು ಕಪಾಟುಗಳನ್ನು ಕಿತ್ತು ಎಸೆಯುವ ಚಿತ್ರ ಕಣ್ಣಿಗೆ ಕಟ್ಟಿ, ತಡೆಯಲಾರದಷ್ಟು ಸಂಕಟವಾಗುತ್ತಿತ್ತು. “ನೀವು ಗೋದಾಮಿಗೆ ಹೋಗಿ. ಅಂಗಡಿ ನಾನು ನೋಡ್ಕೋತೀನಿ” ಎಂದುಬಿಟ್ಟಳು. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ಅವನು ಬೇಡವೆಂದ. ಆಸ್ಪತ್ರೆಯ ಭದ್ರವಾದ ಕೆಲಸ ಬಿಟ್ಟು ಮುಳುಗುತ್ತಿರುವ ಅಂಗಡಿಗೆ ಕೈ ಹಾಕುವುದು ಯಾವ ಜಾಣತನ ಎಂದು ವಾದಿಸಿದ. ಅತ್ತೆಯೂ ಮಗನ ಪಕ್ಷ ವಹಿಸಿದರು. ವಾರಗಟ್ಟಲೆ ಮನೆಯಲ್ಲಿ ಇದೇ ಜಟಾಪಟಿ ನಡೆಯಿತು. ಅವಳಿಗೂ ಧೈರ್ಯವೇನೂ ಇರಲಿಲ್ಲ. ಹಿಂದೆ ಸರಿಯುತ್ತೇನೆ ಎಂದು ಎಷ್ಟೋ ಸಲ ಬಾಯಿ ತೆರೆದು ಮುಚ್ಚಿದಳು. ಕೊನೆಗೆ ಒಂದು ಬೆಳಗ್ಗೆ ಆಸ್ಪತ್ರೆಗೆ ರಾಜೀನಾಮೆ ಕೊಟ್ಟು, ಅಳುತ್ತಲೇ ಮನೆಗೆ ಬಂದಳು.

ಅಂಗಡಿಗೆ ಕೂತ ಮೇಲೆ ಒಂದೇ ಬಣ್ಣದ ಪಟ್ಟಿಗಳನ್ನು ಕಪಾಟಿನ ಬೇರೆ ಬೇರೆ ಖಾನೆಗಳಲ್ಲಿ ಎತ್ತಿಟ್ಟಳು. ಮಾತ್ರೆ ಕೊಡುವ ಮುಂಚೆ ಗಿರಾಕಿಯ ಎದುರೇ ಚೀಟಿಯನ್ನು ಗಟ್ಟಿಯಾಗಿ ಓದುವ ಅಭ್ಯಾಸ ಮಾಡಿಕೊಂಡಳು. ಕಳೆದುಹೋದವರಲ್ಲಿ ಕೆಲವರು ಮರಳಿದರು, ಹಲವರು ಮರಳಲಿಲ್ಲ. ದರ್ಜಿ ಮಾತ್ರ ತಪ್ಪದೆ ಬಂದು, “ಡಾಕ್ಟ್ರು ಹೇಗಿದ್ದಾರಮ್ಮ?” ಎಂದು ಕೇಳುತ್ತಿದ್ದ. ಚೆನ್ನಾಗಿದ್ದಾರೆ ಎನ್ನುತ್ತಿದ್ದಳು. ಅಂಗಡಿಯ ಕೆಲಸ ತನಗೆ ಹಿಡಿಸಿದೆ ಎಂಬುದು ಬರಬರುತ್ತ ಅವಳಿಗೆ ತಿಳಿಯಿತು. ಗಂಡನ ಕೈಯಿಂದ ಕಿತ್ತುಕೊಂಡಿದ್ದನ್ನು ಸವಿಯುತ್ತಿದ್ದೇನೆ ಎನಿಸಿ, ಮನೆಯಲ್ಲಿ ಆ ಸಂತೋಷವನ್ನು ಬಚ್ಚಿಟ್ಟುಕೊಂಡಳು.

ಗೋದಾಮಿನ ಕೆಲಸ ಹಿಡಿದ ಮೇಲೆ ಅವನು ನಿದ್ದೆ ಮಾಡತೊಡಗಿದ, ಊಟವೂ ಸೇರತೊಡಗಿತು. ಆದರೆ ಅಂಗಡಿಯಿದ್ದ ಬೀದಿಗೆ ಕಾಲಿಡುತ್ತಿರಲಿಲ್ಲ. ಸುತ್ತು ಬಳಸಿ ಮನೆಗೆ ಬರುತ್ತಿದ್ದ.

ಅವನಿಗೆ ರಜೆಯಿದ್ದ ಒಂದು ದಿನ ಅಂಗಡಿಗೆ ಫೋನ್ ಬಂತು. ಅಮ್ಮನಿಗೆ ಜ್ವರ, ಬಾ ಎಂದಷ್ಟೇ ಹೇಳಿದ. ಬಾಗಿಲೆಳೆದು ಓಡಿದಳು. ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು, ಹಣೆ ಕೆಂಡದಂತಿತ್ತು. ಅವನು ಒದ್ದೆ ಬಟ್ಟೆ ಹಿಂಡಿ ಹಿಂಡಿ ಹಣೆಗೆ ಹಾಕುತ್ತಿದ್ದ. ಪಕ್ಕದ ಸ್ಟೂಲಿನ ಮೇಲೆ ನೀರಿನ ಲೋಟ, ಜ್ವರದ ಮಾತ್ರೆಯ ಪಟ್ಟಿ. ಒಂದನ್ನೂ ಬಿಡಿಸಿರಲಿಲ್ಲ.

“ಅದೇ ಮಾತ್ರೆ ಅಂತ ಗೊತ್ತು. ಹೆಸರು, ಅಂಕಿ ಎಲ್ಲಾ ಓದಿದೆ. ಆದ್ರೂ ಕೈ ಬರಲಿಲ್ಲ” ಎಂದ.

“ಬೆಳಗ್ಗೆಯಿಂದ ಕೇಳ್ತಾ ಇದೀನಿ ಕಣೇ” ಎಂದರು ಅತ್ತೆ, ಗೋಡೆಗೆ ಹೇಳುವಂತೆ.

ಅವಳು ಮಾತ್ರೆ ಬಿಡಿಸಿ ಅತ್ತೆಯ ಬಾಯಿಗೆ ಹಾಕಿ ನೀರು ಕುಡಿಸಿದಳು. ಅವನು ಬಟ್ಟೆಯನ್ನು ಮತ್ತೆ ನೀರಿಗದ್ದಿ ಹಿಂಡಿದ. ಜ್ವರ ಇಳಿಯತೊಡಗುವವರೆಗೂ ಇಬ್ಬರೂ ಮಂಚದ ಎರಡು ಬದಿಗೆ ಕೂತರು. ಆಮೇಲೆ ಅವಳು ಕೀಲಿಕೈ ಎತ್ತಿಕೊಂಡು ಅಂಗಡಿಯ ಕಡೆ ಹೊರಟಳು. ಅವನು ಬಾಗಿಲವರೆಗೆ ಬಂದು, ಅವಳು ಅಂಗಡಿಯ ಬೀದಿಗೆ ತಿರುಗುವವರೆಗೂ ಹೊಸ್ತಿಲಲ್ಲೇ ನಿಂತ.